ಚೋಕು ಬಿಸಿ

ಬಾನೆಟ್ ಎತ್ತಿದ ಮೇಲೆ ಸೀಟಿನಲ್ಲಿ ಕೂತವಳಿಗೆ
ಕಾಣುವುದು ಬಾನೆಟ್ ಮಾತ್ರ.
ಬೈತಖೋಲದ ಬಂದರು, ನೀಲಿ ತಾಡಪತ್ರಿ ಹೊದ್ದು ನಿಂತ ಟ್ರಾಲರುಗಳು,
ಜೂನ್ ತಿಂಗಳ ಬೂದುಗಡಲು
ಎಲ್ಲ ಆಚೆ.
ಈಚೆ ನಾನು. ಒಂದು ಕೈಯಲ್ಲಿ ಚೋಕಿನ ಗುಬುಟು,
ಇನ್ನೊಂದರಲ್ಲಿ ಕೀಲಿ.

"ಅಕ್ಕೋರೆ, ಸೆಲ್ಫ್ ಹೊಡೀರಿ!"
ಹೊಡೆಯುತ್ತೇನೆ.
ಜ್ವರದ ಮಗು ಮಗ್ಗಿ ಒಪ್ಪಿಸಿದ ಹಾಗೆ
ಒಂದು, ಎರಡು,
ಮೂರಕ್ಕೆ ನಿಂತೇಹೋಗುತ್ತದೆ.

ಎಂಬತ್ತೇಳರ ಪದ್ಮಿನಿ ಇದು. ಸಾಲ್ದೋರ್ ಮಾಮ
ಮಾಜಾಳಿ ಗಡಿಯವರೆಗೆ ಬಾಡಿಗೆ ಹೊಡೆದೂ ಹೊಡೆದೂ
ತನ್ನ ಸೊಂಟ ಹೋದಾಗ ನನಗೆ ಕೊಟ್ಟದ್ದು.
"ಬೈಯಬೇಡ ಮಗಳೇ, ಬೈದದ್ದನ್ನ ನೆನಪಿಟ್ಟುಕೊಳ್ಳುತ್ತೆ" ಅಂದಿದ್ದ.
ನಾನು ಬೈದಿಲ್ಲ.
ಇವತ್ತು ಬೆಳಿಗ್ಗೆ, ಒಂದೇ ಸಲ.

ದಿಗಂಬರ ತಾಂಡೇಲ ನಿಜಕ್ಕೂ ದೋಣಿ ಇಂಜಿನ್ನಿನವನು.
ಆರು ಸಿಲಿಂಡರಿಗೆ ಕಿವಿಯಿಟ್ಟು
ಯಾವ ನಾಜಲ್ ಕಟ್ಟಿದೆಯೆಂದು ಹೇಳುವವನು.
ಮೀನುಗಾರಿಕೆ ನಿಂತ ಈ ಎರಡು ತಿಂಗಳು
ಸ್ಕೂಟರು, ಕಾರು, ಯಾರದೋ ಮನೆಯ ಮಿಕ್ಸರು.
ಪೆಟ್ರೋಲೆಂದರೆ ತಾತ್ಸಾರ ಅವನಿಗೆ:
"ಕಿಡಿ ಬೇಕಂತೆ ಇದಕ್ಕೆ, ಮುದ್ದು!
ಡೀಸೆಲ್ ನೋಡಿ, ಒತ್ತಿ ಹಿಡಿದರೆ ಸಾಕು, ತಾನೇ ಉರಿಯುತ್ತೆ."

ಪ್ಲಗ್ಗು ಬಿಚ್ಚಿದ. ನಾಲ್ಕೂ ಸುಟ್ಟ ಸಿಗಡಿ.
ಕಾರ್ಬ್ಯುರೇಟರಿನ ತಳದಲ್ಲಿ ಒಂದು ಚಮಚ ಕೆಸರು.
ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಕಡಲುಗಾಳಿ ಗೀಚಿಹೋದ
ಉಪ್ಪಿನ ಸಣ್ಣ ಗೆರೆ. ಒರೆಸಿದ.
ಪಾಯಿಂಟಿನ ಸಂದು ಅಳೆಯಲು ಗೇಜ್ ಸಿಗಲಿಲ್ಲ.
ನನ್ನ ಹಾಜರಿ ಪುಸ್ತಕದ ರಟ್ಟಿನ ಮೂಲೆ ಹರಿದುಕೊಟ್ಟೆ.
"ಈಗ ಹೊಡೀರಿ."
ಒಂದು, ಎರಡು...
"ಚೋಕು ಬಿಸಿ ಆಗ್ತಿದೆ" ಎಂದೆ.
ಬಾನೆಟ್ಟಿಗೆ.

ಬಲೆ ಹೆಣೆಯುತ್ತಿದ್ದವರು ಒಬ್ಬೊಬ್ಬರೇ ಎದ್ದು ಬಂದರು,
ಒಬ್ಬೊಬ್ಬರ ಬಾಯಲ್ಲೂ ಒಂದೊಂದು ರೋಗ.
ಕಾಯಿಲು. ಕಂಡೆನ್ಸರು. ಪೆಟ್ರೋಲಿಗೆ ನೀರು.
ಹುಡುಗ ಮಿಂಗೇಲ್ ಹೇಳಿದ, ದೃಷ್ಟಿ.
ಹಾರನ್ ಒತ್ತಿ ನೋಡಿದರು, ಊರಿಗೇ ಕೇಳಿತು.
ದೀಪ ಹಾಕಿದರು, ಹಾಡುಹಗಲೇ ಝಗ್ಗೆಂದಿತು.
ಆದರೂ ದೋಣಿಯಿಂದ ಬ್ಯಾಟರಿ ಹೊತ್ತು ತಂದರು,
ತೊಟ್ಟಿಲಿನಷ್ಟು ದೊಡ್ಡದು, ಇಬ್ಬರು ಬೇಕು ಎತ್ತಲು.
"ಇನ್ನೊಂದ್ಸಲ! ಬಿಡಬೇಡಿ, ಹೊಡೀತಾ ಇರಿ!"

ಬಿಡಲಿಲ್ಲ.
ಬೆರಳು ಚುರ್ ಎಂದಿತು. ಸುಟ್ಟ ರಬ್ಬರಿನ ವಾಸನೆ.
ಈ ಸಲ ನಾನು ಕೂಗಿದ್ದು ಬಾನೆಟ್ ದಾಟಿ ಕೇಳಿತು.

ಬಂದ. ಜ್ವರ ನೋಡುವ ಹಾಗೆ ಹಿಂಗೈಯಿಂದ
ಗುಬುಟು ಮುಟ್ಟಿದ. ಸುಮ್ಮನಾದ.
ಆಮೇಲೆ ಅಷ್ಟು ಹೊತ್ತಿನ ಗ್ರೀಸೆಲ್ಲ ಮುಖಕ್ಕೆ ಬಳಿದುಕೊಂಡು ನಕ್ಕ.
"ಅರ್ಥ್ ಇಲ್ಲ ಅಕ್ಕೋರೆ ಇದಕ್ಕೆ."
ಹದಿನೆಂಟು ವರ್ಷ ಹಲಗೆಯ ಮೇಲೆ
'ಕೆಳಗಿನ ಪದಗಳ ಅರ್ಥ ಬರೆಯಿರಿ' ಎಂದು ಬರೆದವಳಿಗೆ
ಒಂದು ಕ್ಷಣ ತಲೆತಿರುಗಿತು.

"ಇಂಜಿನ್ನಿಗೆ ಹೋದ ಕರೆಂಟು ತಿರುಗಿ ಬರಬೇಕಲ್ಲ?
ಬಾಡಿಗೂ ಅದಕ್ಕೂ ನಡುವೆ ಒಂದು ಪಟ್ಟಿ ಇರ್ತದೆ,
ಉಪ್ಪುಗಾಳಿ ತಿಂದು ಹಾಕಿದೆ.
ಬೇರೆ ದಾರಿಯಿಲ್ಲದೆ ಚೋಕಿನ ತಂತಿ ಹಿಡಿದು ಬರ್ತಾ ಇತ್ತು.
ಮರದ ಸಂಕದ ಮೇಲೆ ಆನೆ."
ಮತ್ತೆ ಕೇಳಿದ:
"ಬಿಸಿ ಆಗ್ತಿದ್ದರೆ ಮೊದಲೇ ಹೇಳೋದಲ್ವಾ?"

ಮೂರು ಸಲ ಹೇಳಿದ್ದೆ.
ನಾಲ್ಕನೆಯದು ಈಗ ಬೇಡವೆನಿಸಿತು.

ಕಾರಿನಡಿ ಮಲಗಿ ಬಣ್ಣ ಕೆರೆದ, ತುಕ್ಕು ಕೆರೆದ,
ಬರಿಯ ಕಬ್ಬಿಣ ಹೊಳೆಯುವವರೆಗೆ ಕೆರೆದು
ಯಾವುದೋ ದೋಣಿಯ ತಾಮ್ರದ ಕೇಬಲ್ಲಿನ ಮೊಳವೊಂದನ್ನು
ಬಿಗಿದ.
"ಹೂಂ."

ಒಂದಕ್ಕೇ ಹತ್ತಿತು.
ಬಾನೆಟ್ ಇಳಿಸಿದರು. ಕಡಲು ಅಲ್ಲೇ ಇತ್ತು.

ಆರಿಸಲು ಮಾತ್ರ ಯಾರಿಗೂ ಧೈರ್ಯವಿಲ್ಲ.
ಹಾಗೇ ಹೊರಟೆ. ಕೋಡಿಬಾಗ, ಕಾಳಿ ಸೇತುವೆ, ಸದಾಶಿವಗಡ.
ಅಲ್ಲಿ ಗೂಡಂಗಡಿಯ ಮುಂದೆ, ಇಂಜಿನ್ ಓಡುತ್ತಿರುವಂತೆಯೇ
ಚಹಾ ತರಿಸಿ,
ಬೊಕ್ಕೆ ಬಂದ ಎರಡು ಬೆರಳು ಬಿಟ್ಟು
ಉಳಿದವುಗಳಲ್ಲಿ ಲೋಟ ಹಿಡಿದು ಕುಡಿದೆ.